ತಾಯಿ ಕಾರ್ಡಿನಿಂದ ಡಿಜಿಟಲ್ ದಾಖಲೆಗೆ: ಸಮುದಾಯದ ಪಾಲು



ವ್ಯಕ್ತಿಯೊಬ್ಬರ ಕಾಯಿಲೆ, ತಪಾಸಣೆ, ಔಷಧ, ಲಸಿಕೆ, ಹೆರಿಗೆ ಮೊದಲಾದ ವಿವರಗಳನ್ನು ಕಾಲಾನುಕ್ರಮದಲ್ಲಿ ಕಂಪ್ಯೂಟರಿನಲ್ಲಿ ಸಂಗ್ರಹಿಸಿ, ಅಗತ್ಯ ಬಿದ್ದಾಗ ಬೇರೆ ಆಸ್ಪತ್ರೆಯ ವೈದ್ಯರಿಗೂ ಒದಗಿಸುವ ವ್ಯವಸ್ಥೆಯೇ ವಿದ್ಯುನ್ಮಾನ ಆರೋಗ್ಯ ದಾಖಲೆ. ಇದರ ಮಾನದಂಡಗಳನ್ನು ಕೇಂದ್ರ ಸರ್ಕಾರ 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಬಯಸಿದವರಿಗೆ ಆಭಾ ಎಂಬ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆಯನ್ನು ನೀಡುತ್ತಿದೆ. ದಾಖಲೆಗಳು ಆಯಾ ಆಸ್ಪತ್ರೆಯಲ್ಲೇ ಉಳಿದು, ಈ ಸಂಖ್ಯೆ ಅವುಗಳನ್ನು ಬೆಸೆಯಬೇಕು, ರೋಗಿಯ ಸಮ್ಮತಿಯಿಲ್ಲದೆ ಅವು ಬೇರೆಯವರ ಕೈ ಸೇರಬಾರದು ಎಂಬುದು ಅದರ ವಿನ್ಯಾಸ. ವಿನ್ಯಾಸ ಮೆಚ್ಚತಕ್ಕದ್ದೇ, ಆದರೆ ಅದು ಜಾರಿಗೆ ಬರುವುದು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯ ಮೂಲಕ, ಆಕೆಯನ್ನು ನಂಬಿ ವಿವರ ಹೇಳುವ ಕುಟುಂಬದ ಮೂಲಕ.

ಜನರನ್ನು ಅರಿಯದ ಯೋಜನೆ ಎಲ್ಲಿ ಎಡವುತ್ತದೆ ಎಂಬುದನ್ನು ಕರ್ನಾಟಕವೇ ಹಿಂದೆ ತೋರಿಸಿಕೊಟ್ಟಿದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕ್ಷಯ ಪೀಡಿತರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ತಾವಾಗಿ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧ ಕೊಟ್ಟು ಅವರನ್ನು ಮನೆಗೆ ಕಳುಹಿಸಲಾಗಿತ್ತು. ಅಸಡ್ಡೆ ಜನರದಾಗಿರಲಿಲ್ಲ. ಕ್ಷಯ ರೋಗಿಗಳ ವಿವರಗಳು 2012ರಿಂದ ನಿಕ್ಷಯ್ ಎಂಬ ವಿದ್ಯುನ್ಮಾನ ವ್ಯವಸ್ಥೆಗೆ ಸೇರುತ್ತಿರುವ ಈ ಕಾಲದಲ್ಲೂ ಆ ಪಾಠ ಹಳತಾಗಿಲ್ಲ.

ಗರ್ಭಿಣಿಯ ತಪಾಸಣೆ, ಚುಚ್ಚುಮದ್ದು, ರಕ್ತಹೀನತೆಯ ವಿವರಗಳನ್ನು ಬರೆದುಕೊಡುವ ತಾಯಿ ಕಾರ್ಡ್ ಕನ್ನಡಿಗರಿಗೆ ಚಿರಪರಿಚಿತ ದಾಖಲೆ. ಕನಕಪುರ ರಸ್ತೆಯ ಆಸುಪಾಸಿನಲ್ಲಿ ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬದ ಹೆಣ್ಣುಮಗಳು ಇಲ್ಲಿ ತಪಾಸಣೆ ಮಾಡಿಸಿಕೊಂಡು, ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ, ಕೂಸನ್ನು ಎತ್ತಿಕೊಂಡು ಮರಳುವಾಗ, ಆ ಎರಡು ಊರುಗಳ ವೈದ್ಯಕೀಯ ಮಾಹಿತಿಯನ್ನು ಹೊತ್ತು ತಿರುಗುವುದು ಅದೊಂದೇ ಕಾರ್ಡು. ಅದು ಮಳೆಯಲ್ಲಿ ನೆನೆದರೆ ಅಥವಾ ಮನೆ ಬದಲಾಯಿಸುವಾಗ ಕಳೆದರೆ, ತವರಿನ ವೈದ್ಯರು ಮೊದಲಿನಿಂದ ವಿಚಾರಿಸಬೇಕಾಗುತ್ತದೆ. ವಿದ್ಯುನ್ಮಾನ ದಾಖಲೆಯ ನಿಜವಾದ ಪ್ರಯೋಜನವಿರುವುದು ಇಂಥ ತಾಯಂದಿರಿಗೆ. ಆದರೆ ಕಾರ್ಡು ಆಕೆಯ ಪೆಟ್ಟಿಗೆಯಲ್ಲಿರುತ್ತದೆ. ಡಿಜಿಟಲ್ ದಾಖಲೆಯ ಓಟಿಪಿ, ಅಂದರೆ ಒಮ್ಮೆ ಮಾತ್ರ ಬಳಸುವ ಗುಪ್ತಸಂಖ್ಯೆ, ಅನೇಕ ಮನೆಗಳಲ್ಲಿ ಗಂಡನ ಅಥವಾ ಮಗನ ಮೊಬೈಲಿಗೆ ಬರುತ್ತದೆ. ಗರ್ಭಪಾತ, ಮಾನಸಿಕ ಅಸ್ವಸ್ಥತೆ, ಎಚ್‌ಐವಿ ಸೋಂಕು ಇಂಥ ವಿಷಯಗಳಲ್ಲಿ ಹೀಗೆ ಪಡೆದ ಸಮ್ಮತಿಯನ್ನು ಆಕೆಯ ಸಮ್ಮತಿ ಎಂದು ಪರಿಗಣಿಸಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಮ್ಮತಿಯು ಸ್ವತಂತ್ರವೂ ತಿಳಿವಳಿಕೆಯುಳ್ಳದ್ದೂ ಆಗಿರಬೇಕೆಂದು ವಿಧಿಸಿದ್ದರೂ, ಆ ತಿಳಿವಳಿಕೆಯನ್ನು ಮೂಡಿಸಬೇಕಾದವರು ಸ್ತ್ರೀಶಕ್ತಿ ಸಂಘದವರು, ಅಂಗನವಾಡಿಯವರು, ಬಡಾವಣೆಯ ಹಿರಿಯರು.

ಮಾಹಿತಿ ತುಂಬುವವರ ಮಾತಿಗೂ ಬೆಲೆ ಬೇಕು. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ನಡೆಸಿದಾಗ, ಗೌರವಧನದ ಜತೆಗೆ, ಪ್ರೋತ್ಸಾಹಧನಕ್ಕೂ ಮಾಹಿತಿ ತುಂಬುವ ಪೋರ್ಟಲ್‌ಗೂ ಹಾಕಿದ ಗಂಟನ್ನು ಬಿಚ್ಚಬೇಕೆಂಬ ಬೇಡಿಕೆಯೂ ಅಲ್ಲಿತ್ತು. ಮಾಡಿದ ಕೆಲಸ ತಂತ್ರಾಂಶದಲ್ಲಿ ಕಾಣದಿದ್ದರೆ ದುಡಿದವರ ಹಣ ನಿಲ್ಲುವುದು ಅನ್ಯಾಯ. ಅಂಥ ತಂತ್ರಾಂಶವನ್ನು ಯಾರೂ ಪ್ರೀತಿಯಿಂದ ಬಳಸಲಾರರು.

ಆದಕಾರಣ ಕೋಣನಕುಂಟೆಯ ಈ ವಿದ್ಯುನ್ಮಾನ ಆರೋಗ್ಯ ದಾಖಲೆ ಪ್ರದರ್ಶನದ ಪ್ರತಿ ಮಳಿಗೆಯಲ್ಲೂ ಸಮ್ಮತಿ ಪತ್ರವನ್ನು ಕನ್ನಡದಲ್ಲೂ, ನೆರೆಹೊರೆಯವರು ಆಡುವ ತೆಲುಗು, ತಮಿಳು, ಉರ್ದು ಭಾಷೆಗಳಲ್ಲೂ ಗಟ್ಟಿಯಾಗಿ ಓದಿ ಹೇಳಬೇಕು, ಬೇಡವೆಂದವರ ನಿರ್ಧಾರವನ್ನು ಗೌರವಿಸಬೇಕು, ಆಶಾ ಕಾರ್ಯಕರ್ತೆಯರು ತೋರಿಸುವ ತೊಡಕುಗಳನ್ನು ತಂತ್ರಾಂಶ ರೂಪಿಸುವವರು ಸ್ಥಳದಲ್ಲೇ ಬರೆದುಕೊಳ್ಳಬೇಕು ಎಂಬ ವಿನಂತಿಯೊಂದಿಗೆ, ಪ್ರದರ್ಶನವು ಸಾರ್ವಜನಿಕರಿಗೆ ತೆರೆದಿದೆ ಎಂದು ಘೋಷಿಸಲಾಗುತ್ತಿದೆ.