ವೀಸಾಕ್ಕಿಂತ ಮೊದಲು ಓದಬೇಕಾದ ಕಾಗದಗಳು

(ರಾಯಚೂರಿನಲ್ಲಿ ವೈದ್ಯ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೆಲವು ತಿಂಗಳ ಹಿಂದೆ ಮಾನ್ವಿ ಕಡೆಯ ಹಿರಿಯರೊಬ್ಬರು ಒಂದು ಕಾಗದವನ್ನು ಹಿಡಿದುಕೊಂಡು ನನ್ನ ಬಳಿ ಬಂದರು. ಅವರ ಮಗಳು ರೇಡಿಯಾಲಜಿಯಲ್ಲಿ ಎಂ.ಡಿ. ಮುಗಿಸಿದ್ದಳು. ಕೊಲ್ಲಿ ರಾಷ್ಟ್ರದ ಆಸ್ಪತ್ರೆಯೊಂದರ ಹೆಸರಿನಲ್ಲಿ ನೇಮಕಾತಿ ಪತ್ರ ಬಂದಿತ್ತು. 'ವೀಸಾ ಸಿದ್ಧವಿದೆ, ಆರು ಲಕ್ಷ ಕಟ್ಟಿರಿ' ಎಂದು ದಲ್ಲಾಳಿ ಹೇಳಿದ್ದ. ಎರಡೆಕರೆ ಹೊಲಕ್ಕೆ ಗಿರಾಕಿಯೂ ಸಿಕ್ಕಿದ್ದ. 'ಬೇಟಾ, ನೀನು ಓದಿದವನು, ಇದು ಖರೆಯೋ ಸುಳ್ಳೋ ನೋಡು' ಎಂದರು.

ನಾನು ವೈದ್ಯನಲ್ಲ. ಒಂದೇ ಪ್ರಶ್ನೆ ಕೇಳಿದೆ: ಮಗಳು ಆ ದೇಶದ ಪರವಾನಗಿ ಪರೀಕ್ಷೆ ಬರೆದಿದ್ದಾಳೆಯೇ? ಬರೆದಿರಲಿಲ್ಲ, ಅರ್ಜಿಯನ್ನೂ ಹಾಕಿರಲಿಲ್ಲ. ಹಾಗಿದ್ದರೆ ಆ ವೀಸಾ ಯಾವುದು? ಹೊಲ ಉಳಿಯಿತು. ಇಂದಿನ ಮಾತಿಗೆ ಆ ಕಾಗದವೇ ಕಾರಣ.

ನಮ್ಮ ಜಿಲ್ಲೆಯ ಸ್ಥಿತಿ ನಿಮಗೆ ತಿಳಿಯದ್ದೇನಲ್ಲ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ವರದಿ ನೀಡಿದಾಗ ದೇವದುರ್ಗ ಮತ್ತು ಮಾನ್ವಿ ಎರಡೂ 'ಅತ್ಯಂತ ಹಿಂದುಳಿದ' ತಾಲೂಕುಗಳ ಪಟ್ಟಿಯಲ್ಲಿದ್ದವು. 2007ರಲ್ಲಿ ರಾಯಚೂರಿಗೆ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂತು. ಸಂವಿಧಾನದ 371(ಜೆ) ವಿಧಿಯ ಅನ್ವಯ 2013ರಿಂದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಮತ್ತು ರಾಜ್ಯದ ಇತರೆಡೆ ಶೇ. 8ರಷ್ಟು ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾದವು. ಈ ಬಾಗಿಲಿನಿಂದ ಒಳಹೋದ ಮಕ್ಕಳೇ ಇಂದು ವೈದ್ಯರಾಗಿ ಹೊರಬರುತ್ತಿದ್ದಾರೆ. ಅವರು ವಿದೇಶದತ್ತ ನೋಡುವುದು ಅಪರಾಧವಲ್ಲ. ಆದರೆ ಕಣ್ಣು ಮುಚ್ಚಿಕೊಂಡು ಹೋಗುವುದು ಅವಿವೇಕ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ಎಕ್ಸ್‌ರೇ ತೆಗೆಯುವ, ಸಿ.ಟಿ., ಎಂ.ಆರ್.ಐ. ಯಂತ್ರಗಳನ್ನು ನಡೆಸುವ ತಂತ್ರಜ್ಞರು ಬೇರೆ. ಆ ಚಿತ್ರಗಳನ್ನು ನೋಡಿ ರೋಗವನ್ನು ಗುರುತಿಸಿ ವರದಿ ಬರೆಯುವ ರೇಡಿಯಾಲಜಿಸ್ಟ್ ಬೇರೆ. ಎರಡೂ ಗೌರವದ ಕೆಲಸಗಳೇ. ಆದರೆ ಎರಡನೆಯದಕ್ಕೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಎಂ.ಬಿ.ಬಿ.ಎಸ್., ನೀಟ್ ಪಿ.ಜಿ., ತರುವಾಯ ಮೂರು ವರ್ಷಗಳ ಎಂ.ಡಿ. ಅಥವಾ ಡಿ.ಎನ್.ಬಿ. ಬೇಕು. ಎಂ.ಬಿ.ಬಿ.ಎಸ್. ನಂತರ ಕೆಲವು ತಿಂಗಳು ಸ್ಕ್ಯಾನಿಂಗ್ ಕಲಿತವರನ್ನು ತಜ್ಞರೆಂದು ಯಾವ ದೇಶವೂ ಕರೆಸಿಕೊಳ್ಳುವುದಿಲ್ಲ. 'ಅದೂ ನಡೆಯುತ್ತದೆ' ಎನ್ನುವ ದಲ್ಲಾಳಿಯನ್ನು ಅಲ್ಲಿಯೇ ಬಿಟ್ಟು ಎದ್ದು ಬನ್ನಿ.

ಈಗ ಕೊಲ್ಲಿಯ ವಿಷಯ. ಸೌದಿಯಲ್ಲಿ ಆರೋಗ್ಯ ವಿಶೇಷತೆಗಳ ಆಯೋಗವಿದೆ. ದುಬೈ, ಅಬುಧಾಬಿಗಳಿಗೆ ಅವುಗಳದೇ ಆರೋಗ್ಯ ಪ್ರಾಧಿಕಾರಗಳಿವೆ. ಎಲ್ಲೆಡೆಯೂ ದಾರಿ ಹೆಚ್ಚುಕಡಿಮೆ ಒಂದೇ. ಪದವಿ, ನೋಂದಣಿ ಮತ್ತು ಅನುಭವದ ಪತ್ರಗಳನ್ನು ಅವುಗಳನ್ನು ಕೊಟ್ಟ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುವ ಡೇಟಾಫ್ಲೋ ಪರಿಶೀಲನೆ ಒಂದು ಹಂತ. ಪರೀಕ್ಷಾ ಕೇಂದ್ರದಲ್ಲಿ ಬರೆಯುವ ಕಂಪ್ಯೂಟರ್ ಪರೀಕ್ಷೆ ಇನ್ನೊಂದು ಹಂತ. ಇವೆರಡನ್ನೂ ದಾಟಿ ಅರ್ಹತೆ ಪಡೆದ ವೈದ್ಯರಿಗೆ ಆಸ್ಪತ್ರೆಯು ಕೆಲಸದ ವೀಸಾ ಕೊಟ್ಟು, ಪರವಾನಗಿಯನ್ನು ತನ್ನ ಹೆಸರಿನಡಿ ಚಾಲ್ತಿಗೆ ತರುತ್ತದೆ. 'ಸಂದರ್ಶಕ ವೀಸಾದಲ್ಲಿ ಬಂದು ಕೆಲಸ ಆರಂಭಿಸಿ, ಉಳಿದದ್ದು ಆಮೇಲೆ' ಎಂಬ ಮಾತು ಬಂದರೆ ಅದು ಕಾನೂನಿನ ದಾರಿಯಲ್ಲವೆಂದು ತಿಳಿಯಿರಿ.

ಇಲ್ಲಿಯೇ ನಮ್ಮ ಮನೆಗಳ ಒಂದು ಹಳೆಯ ಅಲಕ್ಷ್ಯ ಅಡ್ಡ ಬರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಹಮ್ಮದ್', ಪಾಸ್‌ಪೋರ್ಟಿನಲ್ಲಿ 'ಮೊಹಮ್ಮದ್'. ಒಂದು ಕಡೆ 'ಶೇಖ್' ಮುಂದೆ, ಇನ್ನೊಂದು ಕಡೆ ಹಿಂದೆ. ಮಗಳ ಪದವಿ ಪತ್ರದಲ್ಲಿ ತಂದೆಯ ಹೆಸರು, ಮದುವೆಯ ಬಳಿಕ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಪತಿಯ ಹೆಸರು. ಶಾಲೆಗೆ ಸೇರಿಸುವ ದಿನ ಗುಮಾಸ್ತರು ಬರೆದದ್ದನ್ನು ನಾವು ಓದಿ ನೋಡಲಿಲ್ಲ. ಇಪ್ಪತ್ತು ವರ್ಷಗಳ ನಂತರ ಆ ಒಂದಕ್ಷರಕ್ಕಾಗಿ ಪರಿಶೀಲನೆ ನಿಂತುಬಿಡುತ್ತದೆ. ಅಫಿಡವಿಟ್, ಗೆಜೆಟ್ ಪ್ರಕಟಣೆಗಳಿಗೆ ಕಾಲ ಹಿಡಿಯುತ್ತದೆ. ಆದ್ದರಿಂದ ಮಗ ಅಥವಾ ಮಗಳು ಎಂ.ಬಿ.ಬಿ.ಎಸ್. ಓದುತ್ತಿರುವಾಗಲೇ ಎಲ್ಲ ಕಾಗದಗಳನ್ನು ಹರಡಿಕೊಂಡು ಕುಳಿತು ಹೆಸರುಗಳನ್ನು ಹೋಲಿಸಿ ನೋಡಿರಿ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ರೇಡಿಯಾಲಜಿಸ್ಟರ ಕೊರತೆಯಿದೆ ಎಂಬುದು ನಿಜ. ಆದರೆ ನಮ್ಮ ಎಂ.ಡಿ. ಒಂದರಿಂದಲೇ ಅಲ್ಲಿ ನೋಂದಣಿಯಾಗುವುದಿಲ್ಲ. ಅಲ್ಲಿನ ರಾಯಲ್ ಕಾಲೇಜು ನಡೆಸುವ ಎಫ್.ಆರ್.ಸಿ.ಆರ್. ಪರೀಕ್ಷೆಯಲ್ಲಿ ಮೊದಲು ಶರೀರ ರಚನೆ ಮತ್ತು ಭೌತಶಾಸ್ತ್ರ, ನಂತರ 2ಎ, ಕೊನೆಗೆ 2ಬಿ ಎಂಬ ಹಂತಗಳಿವೆ. ಇದನ್ನು ಪೂರ್ತಿಗೊಳಿಸಿದವರು ಪ್ಲ್ಯಾಬ್ ಪರೀಕ್ಷೆ ಬರೆಯದೆಯೇ ಜನರಲ್ ಮೆಡಿಕಲ್ ಕೌನ್ಸಿಲಿನ ನೋಂದಣಿಗೆ ಅರ್ಜಿ ಹಾಕಬಹುದು. ಜೊತೆಗೆ ಇಂಗ್ಲಿಷ್ ಪರೀಕ್ಷೆಯಿದೆ, ಐ.ಇ.ಎಲ್.ಟಿ.ಎಸ್. ಆದರೆ ಒಟ್ಟು 7.5, ಪ್ರತಿ ವಿಭಾಗದಲ್ಲಿಯೂ ಕನಿಷ್ಠ 7 ಬರಬೇಕು. ಕೆಲಸ ಸಿಕ್ಕ ಮೇಲೆ ಆಸ್ಪತ್ರೆಯು ಪ್ರಾಯೋಜನಾ ಪ್ರಮಾಣಪತ್ರ ಕೊಡುತ್ತದೆ. ಅದರ ಆಧಾರದಲ್ಲಿ 2020ರಲ್ಲಿ ಆರಂಭವಾದ ಆರೋಗ್ಯ ಸೇವೆಯ ವೀಸಾಕ್ಕೆ ಅರ್ಜಿ. ಪ್ರಾಯೋಜಿಸುವ ಅಧಿಕಾರವುಳ್ಳ ಸಂಸ್ಥೆಗಳ ಪಟ್ಟಿಯನ್ನು ಅಲ್ಲಿನ ಸರಕಾರವೇ ಪ್ರಕಟಿಸುತ್ತದೆ. ಆಸ್ಪತ್ರೆಯ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನೋಡಲು ಐದು ನಿಮಿಷ ಸಾಕು. ಆ ಪ್ರಮಾಣಪತ್ರ ಮಾರಾಟದ ವಸ್ತುವಲ್ಲ. ಅದಕ್ಕೆ ಬೆಲೆ ಹೇಳುವವನು ಮೋಸಗಾರ.

ನಮ್ಮ ದೇಶದಲ್ಲಿಯೂ ಕಾನೂನಿದೆ. 1983ರ ವಲಸೆ ಕಾಯ್ದೆಯಡಿ ನೋಂದಣಿಯಾದ ಏಜೆಂಟ್ ಮಾತ್ರ ವಿದೇಶಿ ಕೆಲಸಕ್ಕೆ ಜನರನ್ನು ಕಳುಹಿಸಬಹುದು. ಅವರ ಹೆಸರುಗಳು ಇ-ಮೈಗ್ರೇಟ್ ತಾಣದಲ್ಲಿವೆ. ಅಂಥವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಿಯಮಗಳು ವಿಧಿಸಿರುವ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಆರು ಲಕ್ಷ ಎಲ್ಲಿ, ಮೂವತ್ತು ಸಾವಿರ ಎಲ್ಲಿ! ಬಡ್ಡಿ ನಿಷಿದ್ಧವೆಂದು ನಂಬುವ ನಾವು, ಸುಳ್ಳು ವೀಸಾಕ್ಕಾಗಿ ಬಡ್ಡಿಯ ಸಾಲ ಮಾಡಿ ಮಗಳ ಮೊದಲ ಸಂಬಳವನ್ನು ಅದಕ್ಕೆ ತೆರುವಂತೆ ಮಾಡುವುದು ಯಾವ ನ್ಯಾಯ?

ಕರಾರನ್ನೂ ಓದಿರಿ. ಕೊಲ್ಲಿಯಲ್ಲಿ ವಾಸದ ಅನುಮತಿಯು ಉದ್ಯೋಗದಾತರೊಂದಿಗೆ ಕಟ್ಟಿಕೊಂಡಿರುತ್ತದೆ. ಕೆಲಸ ಬದಲಿಸಲು ಹಳೆಯ ಮಾಲೀಕರ ಅನುಮತಿ ಪತ್ರ ಬೇಕೆಂಬ ನಿಯಮವನ್ನು ಕತರ್ 2020ರಲ್ಲಿ ತೆಗೆದುಹಾಕಿತು. ಆದರೂ ನೋಟಿಸ್ ಅವಧಿ, ರಾತ್ರಿ ಪಾಳಿ, ದಿನಕ್ಕೆ ಎಷ್ಟು ವರದಿ, ಕುಟುಂಬದ ವೀಸಾ, ರಜೆಯ ಟಿಕೆಟ್ ಇವೆಲ್ಲ ಬರಹದಲ್ಲಿರಬೇಕು. ಬಾಯಿ ಮಾತು ವಿಮಾನ ಹತ್ತುವುದಿಲ್ಲ.

ಇನ್ನೊಂದು ಮಾತು. ಡಾ. ಅರ್ಜುನ್ ಕಲ್ಯಾಣಪುರ್ ಅಮೆರಿಕದ ಯೇಲ್‌ನಲ್ಲಿ ತರಬೇತಿ ಪಡೆದು ಬಂದು 2002ರಲ್ಲಿ ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು. ಅಮೆರಿಕದಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ಅಲ್ಲಿನ ತುರ್ತು ಚಿಕಿತ್ಸಾ ಘಟಕದ ಚಿತ್ರಗಳನ್ನು ಬೆಂಗಳೂರಿನಲ್ಲಿ ಕುಳಿತು ಓದಿದರು. ಚಿತ್ರ ಸಮುದ್ರ ದಾಟಬಲ್ಲದು, ವೈದ್ಯ ದಾಟಲೇಬೇಕೆಂದಿಲ್ಲ. ಆದರೆ ಅದಕ್ಕೂ ರೋಗಿಯಿರುವ ದೇಶದ ಅರ್ಹತೆ, ಪರವಾನಗಿ ಬೇಕು ಎಂಬುದನ್ನು ಮರೆಯದಿರಿ.

ಅಲ್ಟ್ರಾಸೌಂಡ್‌ನ ಸಂಗತಿ ಹಾಗಲ್ಲ. ಅಲ್ಲಿ ವೈದ್ಯರ ಕೈ ರೋಗಿಯ ಮೈಮೇಲಿರಬೇಕು. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಕಾರ ನೋಂದಾಯಿತ ಕೇಂದ್ರದಲ್ಲಿ, ಅರ್ಹ ವೈದ್ಯರಿಂದಲೇ ಗರ್ಭಿಣಿಯ ಸ್ಕ್ಯಾನಿಂಗ್ ಆಗಬೇಕು. ದೇವದುರ್ಗದ ಹಳ್ಳಿಯ ತುಂಬು ಗರ್ಭಿಣಿಯೊಬ್ಬಳು ಒಂದು ಸ್ಕ್ಯಾನಿಂಗ್‌ಗಾಗಿ ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕುತ್ತಾ ರಾಯಚೂರಿಗೆ ಬರಬೇಕಾದರೆ, ಆಕೆಯ ಬೇನೆಗೆ ರಿಯಾದಿನಿಂದಲೋ ಲಂಡನ್ನಿನಿಂದಲೋ ಉತ್ತರ ಬರುವುದಿಲ್ಲ.

ಹೋಗಬೇಡಿ ಎಂದು ನಾನು ಹೇಳಲಾರೆ. ಸಾಲದಲ್ಲಿ ಬೆಳೆದ ಮನೆಗೆ ದೂರದ ಸಂಬಳ ಎಷ್ಟು ದೊಡ್ಡ ಆಸರೆಯೆಂಬುದನ್ನು ಬಲ್ಲೆ. ಸರಕಾರವು ತಾಲೂಕು ಆಸ್ಪತ್ರೆಗೆ ಯಂತ್ರವನ್ನೂ ತಜ್ಞರನ್ನೂ ಒದಗಿಸದೆ ವೈದ್ಯರ ತ್ಯಾಗವನ್ನು ಮಾತ್ರ ಬಯಸುವುದೂ ಸರಿಯಲ್ಲ. ಆದರೆ ಹೋಗುವವರು ಸ್ವಂತ ಅರ್ಹತೆಯ ಬಲದಿಂದ ಹೋಗಲಿ, ಹೊಲ ಮಾರಿ ಅಲ್ಲ. ಯಾವ ನೆಲದ ಹಿಂದುಳಿದಿರುವಿಕೆ ತಮಗೆ ಸೀಟು ಕೊಡಿಸಿತೋ ಆ ನೆಲಕ್ಕೆ ವರ್ಷದಲ್ಲಿ ಕೆಲವು ದಿನಗಳನ್ನಾದರೂ, ಕಲಿತ ವಿದ್ಯೆಯನ್ನಾದರೂ ಹಿಂದಿರುಗಿಸಲಿ.

ಮಾನ್ವಿಯ ಆ ಮಗಳು ಈಗ ಇಲ್ಲಿಯೇ ಕೆಲಸ ಮಾಡುತ್ತಾ ಎಫ್.ಆರ್.ಸಿ.ಆರ್.ನ ಮೊದಲ ಹಂತಕ್ಕೆ ಓದುತ್ತಿದ್ದಾಳೆ. ಆ ಎರಡೆಕರೆಯಲ್ಲಿ ತಂದೆ ಈ ಸಲವೂ ಬಿತ್ತಿದ್ದಾರೆ. ಅಲ್ಲಾಹನು ಇಬ್ಬರ ಶ್ರಮಕ್ಕೂ ಫಲ ನೀಡಲಿ ಎಂದು ಪ್ರಾರ್ಥಿಸಿ ಮಾತು ಮುಗಿಸುತ್ತೇನೆ.