ಎಂಬಿರಾ: ನಾದವೂ ಝೇಂಕಾರವೂ

ಆಫ್ರಿಕಾದ ವಾದ್ಯಗಳಿಗೆ ಮೀಸಲಾದ ಈ ಪ್ರದರ್ಶನದ ಉದ್ಘಾಟನೆಯ ಹೊತ್ತಿನಲ್ಲಿ ಎಲ್ಲ ವಾದ್ಯಗಳನ್ನೂ ಹೆಸರಿಸಿ ಹೊಗಳುವುದಕ್ಕಿಂತ, ಸಭಾಂಗಣದ ನಡುವೆ ಇರಿಸಿರುವ ಒಂದರ ಬಳಿ ತುಸು ಹೆಚ್ಚು ಹೊತ್ತು ನಿಲ್ಲುವುದು ಉಚಿತವೆನಿಸುತ್ತದೆ. ಜಿಂಬಾಬ್ವೆಯ ಶೋನಾ ಜನರ ಎಂಬಿರಾ ಮೊದಲ ನೋಟಕ್ಕೆ ತೀರಾ ಸಾಧಾರಣ ವಸ್ತು: ಒಂದು ಮರದ ಹಲಗೆ, ಅದರ ಮೇಲೆ ಬಿಗಿದ ಕಬ್ಬಿಣದ ಪಟ್ಟಿಗಳು, ಕೆಳಭಾಗದಲ್ಲಿ ಸಡಿಲವಾಗಿ ಜೋಡಿಸಿದ ಬಾಟಲಿ ಮುಚ್ಚಳಗಳು. ಪಾಶ್ಚಾತ್ಯರು ಇದಕ್ಕೆ ‘ಹೆಬ್ಬೆರಳ ಪಿಯಾನೊ’ ಎಂದು ಹೆಸರಿಟ್ಟರು. ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಹೊಡೆಯುತ್ತದೆ, ಎಂಬಿರಾದಲ್ಲಿ ತಂತಿಯೂ ಇಲ್ಲ, ಸುತ್ತಿಗೆಯೂ ಇಲ್ಲ. ಬೆರಳು ಪಟ್ಟಿಯ ತುದಿಯನ್ನು ಮಿಡಿದು ಬಿಡುತ್ತದೆ, ಪಟ್ಟಿ ಕಂಪಿಸಿ ನುಡಿಯುತ್ತದೆ. ಒಂದು ವಾದ್ಯವನ್ನು ಇನ್ನೊಂದರ ಕಿರುರೂಪವೆಂದು ಕರೆಯುವ ಈ ರೂಢಿಯಿಂದ ಉಂಟಾದ ಅಪಾರ್ಥ ಹೆಸರಿಗಷ್ಟೇ ನಿಲ್ಲಲಿಲ್ಲ.

ಈ ಬಗೆಯ ವಾದ್ಯಗಳಲ್ಲಿ ಶೋನಾ ಜನರಿಗೆ ಅತ್ಯಂತ ಪೂಜ್ಯವಾದುದು ‘ಎಂಬಿರಾ ಡ್ಜಾವಾಡ್ಜಿಮು’, ಅಂದರೆ ಪಿತೃಗಳ ಎಂಬಿರಾ. ‘ವಾಡ್ಜಿಮು’ ಎಂದರೆ ಗತಿಸಿದ ಹಿರಿಯರ ಆತ್ಮಗಳು. ಇದರಲ್ಲಿ ಸಾಮಾನ್ಯವಾಗಿ 22ರಿಂದ 28 ಪಟ್ಟಿಗಳಿದ್ದು, ಎಡಕ್ಕೆ ಎರಡು ಸಾಲು, ಬಲಕ್ಕೆ ಒಂದು ಸಾಲಾಗಿ ಜೋಡಣೆಗೊಂಡಿರುತ್ತವೆ. ಎಡಗೈಯ ಹೆಬ್ಬೆರಳು ಎಡದ ಎರಡೂ ಸಾಲುಗಳನ್ನು ನೋಡಿಕೊಂಡರೆ, ಬಲಗೈಯ ಹೆಬ್ಬೆರಳು ಪಟ್ಟಿಗಳನ್ನು ಮೇಲಿನಿಂದ ಒತ್ತಿ ಬಿಡುತ್ತದೆ, ತೋರುಬೆರಳು ಕೆಳಗಿನಿಂದ ಎತ್ತಿ ಮಿಡಿಯುತ್ತದೆ. ಹಲಗೆಯ ಬಲ ಮೂಲೆಯ ರಂಧ್ರದಲ್ಲಿ ಕಿರುಬೆರಳನ್ನು ತೂರಿಸಿ ವಾದ್ಯವನ್ನು ಹಿಡಿಯಲಾಗುತ್ತದೆ. ಹಲಗೆಗೆ ಬಳಸುವ ಮುಬ್ವಾಮರೋಪಾ ಮರ ಕರ್ನಾಟಕದ ಕಾಡುಗಳ ಹೊನ್ನೆಯ ಕುಲಕ್ಕೇ ಸೇರಿದ್ದು, ಕಡಿದಾಗ ಹೊನ್ನೆಯಂತೆಯೇ ರಕ್ತವರ್ಣದ ರಸವನ್ನು ಸುರಿಸುತ್ತದೆ. ಹಿಂದೆ ಕಮ್ಮಾರರು ಅದಿರನ್ನು ಕರಗಿಸಿ ತೆಗೆದ ಕಬ್ಬಿಣದಿಂದ ಪಟ್ಟಿಗಳನ್ನು ಬಡಿಯುತ್ತಿದ್ದರು. ಈಗ ಹಳೆಯ ಹಾಸಿಗೆಯ ಸ್ಪ್ರಿಂಗೂ ಸೈಕಲ್ ಚಕ್ರದ ಕಡ್ಡಿಯೂ ಆ ಕೆಲಸಕ್ಕೆ ಒದಗುತ್ತವೆ. ನುಡಿಸುವಾಗ ಹಲಗೆಯನ್ನು ‘ಡೆಜೆ’ ಎಂಬ ದೊಡ್ಡ ಸೋರೆಬುರುಡೆಯೊಳಗೆ ಕಡ್ಡಿಯೊಂದರಿಂದ ಬಿಗಿಯಾಗಿ ನಿಲ್ಲಿಸುವುದರಿಂದ ಮೆಲುದನಿ ತುಂಬುದನಿಯಾಗುತ್ತದೆ.

ಪ್ರದರ್ಶನಕ್ಕೆ ಬಂದವರು ವಿಶೇಷವಾಗಿ ಗಮನಿಸಬೇಕಾದುದು ಆ ಬಾಟಲಿ ಮುಚ್ಚಳಗಳನ್ನು. ಹಿಂದೆ ಅವುಗಳ ಜಾಗದಲ್ಲಿ ಚಿಪ್ಪುಗಳಿರುತ್ತಿದ್ದವು. ಪ್ರತಿ ಸ್ವರ ಹೊಮ್ಮಿದಾಗಲೂ ಇವು ಅದುರಿ, ಸ್ವರದ ಸುತ್ತ ದುಂಬಿಯ ಮೊರೆತದಂಥ ಒಂದು ಝೇಂಕಾರವನ್ನು ಹರಡುತ್ತವೆ. ಪಾಶ್ಚಾತ್ಯ ಶುದ್ಧಸ್ವರಕ್ಕೆ ಒಗ್ಗಿದ ಕಿವಿಗೆ ಇದು ಕೆಟ್ಟ ರೇಡಿಯೊದ ಗೊರಗೊರ ಸದ್ದಿನಂತೆ ಕೇಳಿಸಬಹುದು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆಯನ್ನು ಸರಿಸಿ ಸರಿಸಿ ಜೀವಾಳಿ ಹಿಡಿಯುವುದನ್ನು ಕಂಡವರಿಗೆ ಮಾತ್ರ ಇದನ್ನು ವಿವರಿಸಬೇಕಾಗಿಲ್ಲ: ಎಳೆಯಿಲ್ಲದ ತಂಬೂರಿಯಲ್ಲಿ ಶ್ರುತಿಯೇನೋ ಇರುತ್ತದೆ, ಜೀವವಿರುವುದಿಲ್ಲ. ಶೋನಾ ಕಿವಿಗೂ ಝೇಂಕಾರವಿಲ್ಲದ ಎಂಬಿರಾ ಬತ್ತಲೆಯಾಗಿಯೇ ಕೇಳಿಸುತ್ತದೆ.

ಎಂಬಿರಾ ಒಬ್ಬನೇ ನುಡಿಸಿ ಮುಗಿಸುವ ವಾದ್ಯವೂ ಅಲ್ಲ. ಮೊದಲ ವಾದಕ ಎತ್ತಿಕೊಳ್ಳುವ ಭಾಗ ‘ಕುಶೌರಾ’, ಎರಡನೆಯವನು ಅದಕ್ಕೆ ಹೆಣೆಯುವ ಭಾಗ ‘ಕುತ್ಸಿನ್ಹಿರಾ’. ಹಲವು ಕೃತಿಗಳಲ್ಲಿ ಎರಡನೆಯವನ ಸ್ವರಗಳು ಮೊದಲನೆಯವನ ಸ್ವರಗಳ ನಡುವಿನ ತೆರಪಿನಲ್ಲಿಯೇ ಬಂದು ಕೂರುತ್ತವೆ. ತಲಾ ಹನ್ನೆರಡು ಮಾತ್ರೆಗಳ ನಾಲ್ಕು ಪಾದಗಳು ಸೇರಿ 48 ಮಾತ್ರೆಗಳ ಆವರ್ತವಾಗುವುದು ಸಾಮಾನ್ಯ ರಚನೆ. ಅದು ಮತ್ತೆ ಮತ್ತೆ ಸುತ್ತುತ್ತಿರುವಾಗ ಇಬ್ಬರಲ್ಲಿ ಯಾರೂ ನುಡಿಸದ ಒಂದು ಮೂರನೆಯ ರಾಗದ ಎಳೆ ಕೇಳುಗನ ಕಿವಿಯಲ್ಲಿ ತಾನಾಗಿ ಮೂಡುತ್ತದೆ. ‘ಹೋಶೊ’ ಎಂಬ, ಬೀಜ ತುಂಬಿದ ಸೋರೆಯ ಗಿಲಕಿಗಳು ಲಯವನ್ನು ಹಿಡಿದಿಡುತ್ತವೆ.

ಈ ಹೆಣಿಗೆಯ ನಿಜವಾದ ಸ್ಥಾನ ‘ಬೀರಾ’ ಎಂಬ ಇರುಳಿಡೀ ನಡೆಯುವ ಆಚರಣೆ. ಮನೆಯಲ್ಲಿ ಕಾಯಿಲೆ ಬಿದ್ದಾಗ, ಮಳೆ ತಪ್ಪಿದಾಗ, ಕುಟುಂಬದವರು ಧಾನ್ಯದ, ಬಹುಮಟ್ಟಿಗೆ ರಾಗಿಯ, ಮದ್ಯವನ್ನು ಮುಂಚಿತವಾಗಿಯೇ ಹುದುಗಿಸಿಟ್ಟು, ಬಂಧುಗಳನ್ನು ಕರೆದು, ಎಂಬಿರಾ ನುಡಿಸಿ, ಚಪ್ಪಾಳೆ ತಟ್ಟಿ ಕುಣಿಯುತ್ತಿರುವಂತೆ ಹಿರಿಯರ ಆತ್ಮವು ‘ಸ್ವಿಕಿರೋ’ ಎಂಬ ಮಾಧ್ಯಮ ವ್ಯಕ್ತಿಯ ಮೈಮೇಲೆ ಬಂದು ಮಾತಾಡುತ್ತದೆಂಬುದು ಅವರ ನಂಬಿಕೆ. ಬದುಕಿದ್ದಾಗ ಆ ಹಿರಿಯರು ಮೆಚ್ಚಿದ್ದ ಕೃತಿ ಕೇಳಿಸಿದರೆ ಅವರು ಬರುತ್ತಾರೆ. ಹಳೆಯ ಕೃತಿಗಳು ತಲೆಮಾರುಗಳನ್ನು ದಾಟಿ ಉಳಿದುದಕ್ಕೆ ಇದೊಂದು ಗಟ್ಟಿಯಾದ ಕಾರಣ. ಕೇಳುಗರಲ್ಲಿ ಸತ್ತವರೂ ಇರುವಾಗ ಅವರಿಗೆ ಗುರುತು ಹತ್ತದಂತೆ ಕೃತಿಯನ್ನು ಬದಲಿಸುವುದು ಯಾವ ವಾದಕನಿಗೂ ಸುಲಭವಲ್ಲ.

ಈ ನಂಟೇ ವಾದ್ಯಕ್ಕೆ ಸಂಕಟವನ್ನೂ ತಂದಿತು. ಜುವಾಂವ್ ದೋಸ್ ಸಾಂತೋಸ್ ಎಂಬ ಪೋರ್ಚುಗೀಸ್ ಪಾದ್ರಿ 1586ರಲ್ಲಿ ಆಗ್ನೇಯ ಆಫ್ರಿಕಾದಲ್ಲಿ ಕಂಡ ಒಂಬತ್ತು ಕಬ್ಬಿಣದ ಪಟ್ಟಿಗಳ ‘ಅಂಬಿರಾ’ವನ್ನು 1609ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಣ್ಣಿಸಿದ್ದಾನೆ, ಆದರೆ ವಸಾಹತು ಕಾಲದ ಅನೇಕ ಮಿಷನರಿಗಳಿಗೆ ಅದು ಪಿಶಾಚಾರಾಧನೆಯ ಸಾಧನವಾಗಿ ಕಂಡು, ಮತಾಂತರಗೊಂಡ ಹಲವು ಕುಟುಂಬಗಳು ವಾದ್ಯವನ್ನು ಕೈಬಿಟ್ಟವು. ಇನ್ನೊಂದೆಡೆ, 1954ರಲ್ಲಿ ಆಫ್ರಿಕನ್ ಸಂಗೀತದ ದೊಡ್ಡ ಧ್ವನಿಭಂಡಾರವನ್ನು ಸ್ಥಾಪಿಸಿದ ಹ್ಯೂ ಟ್ರೇಸಿ, ಎಂಬಿರಾದ ಬಳಗದ ವಾದ್ಯಗಳ ಮಾದರಿಯಲ್ಲಿ ಪಾಶ್ಚಾತ್ಯ ಸ್ವರಶ್ರೇಣಿಗೆ ಹೊಂದಿಸಿದ ‘ಕಲಿಂಬಾ’ವನ್ನು ಮಾರುಕಟ್ಟೆಗೆ ತಂದರು. ಅವರ ಧ್ವನಿಮುದ್ರಣಗಳ ಉಪಕಾರ ದೊಡ್ಡದು. ಆದರೂ ಈಗ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುವ ಆ ಮುದ್ದಾದ ಪೆಟ್ಟಿಗೆಯಲ್ಲಿ ಸೋರೆಬುರುಡೆಯೂ ಇಲ್ಲ, ಝೇಂಕಾರವೂ ಇಲ್ಲ, ಜೊತೆಗಾರನ ಅಗತ್ಯವೂ ಇಲ್ಲ ಎಂಬುದನ್ನು ಮರೆಯಲಾಗದು.

ಎಂಬಿರಾ ಮತ್ತೆ ತಲೆಯೆತ್ತಿದ್ದು ರಾಜಕೀಯದ ಕಣದಲ್ಲಿ. 1970ರ ದಶಕದಲ್ಲಿ ಥಾಮಸ್ ಮಪ್ಫುಮೊ ಎಂಬಿರಾದ ಆವರ್ತಗಳನ್ನು ವಿದ್ಯುತ್ ಗಿಟಾರಿಗೆ ಅಳವಡಿಸಿ, ಶೋನಾ ನುಡಿಯಲ್ಲೇ ಹಾಡಿದ ‘ಚಿಮುರೆಂಗಾ’ ಅಂದರೆ ಹೋರಾಟದ ಸಂಗೀತ ಆಗ ರೊಡೇಷಿಯಾ ಎನಿಸಿದ್ದ ಜಿಂಬಾಬ್ವೆಯ ಬಿಳಿಯರ ಸರಕಾರವನ್ನು ಎಷ್ಟು ಕಾಡಿತೆಂದರೆ ಅದು ಗಾಯಕನನ್ನು ಸೆರೆಯಲ್ಲಿಟ್ಟಿತು. 1980ರಲ್ಲಿ ದೇಶ ಸ್ವತಂತ್ರವಾಯಿತು. ಹೆಂಗಸರು ಈ ವಾದ್ಯ ಕಲಿಯುವುದಕ್ಕೆ ಪ್ರೋತ್ಸಾಹವಿಲ್ಲದ ಕಾಲದಲ್ಲಿ ಹಟ ಹಿಡಿದು ಕಲಿತ ಸ್ಟೆಲ್ಲಾ ಚಿವೇಶೆ ಅದನ್ನು ಯೂರೋಪಿನ ವೇದಿಕೆಗಳಿಗೆ ಒಯ್ದು, 2023ರಲ್ಲಿ ತೀರಿಕೊಂಡರು. 2020ರಲ್ಲಿ ಯುನೆಸ್ಕೊ, ಮಲಾವಿ ಮತ್ತು ಜಿಂಬಾಬ್ವೆಗಳ ಈ ವಾದ್ಯದ ತಯಾರಿಕೆ ಮತ್ತು ವಾದನ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಗಾಜಿನ ಪೆಟ್ಟಿಗೆಯೊಳಗಿನ ಎಂಬಿರಾ ನೋಟಕ್ಕೆ ಮಾತ್ರ ಒದಗುವುದರಿಂದ, ಪಕ್ಕದ ಮೇಜಿನ ಮೇಲೆ ಕೈಗೆತ್ತಿಕೊಂಡು ಮಿಡಿಯಬಹುದಾದ ಎರಡು ಎಂಬಿರಾಗಳನ್ನು, ಮುಚ್ಚಳಗಳನ್ನು ಕಳಚದೆ, ಒಂದು ಜೊತೆ ಹೋಶೊಗಳೊಂದಿಗೆ ಇರಿಸಲಾಗಿದೆ. ಪ್ರದರ್ಶನವು ಈಗ ಸಾರ್ವಜನಿಕರಿಗೆ ತೆರೆದಿದ್ದು, ಆ ಮೇಜಿನ ಬಳಿಗೆ ಇಬ್ಬಿಬ್ಬರಾಗಿ ಬರಬೇಕೆಂದು ಸಭಿಕರಲ್ಲಿ ವಿನಂತಿ.