ಎಷ್ಟು ಅಡಿ ಕೊರೆಯಬೇಕು?

(ಶ್ರೀಮಠದ ಮಾಸಿಕ ಚಿಂತನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಆನ್‌ಲೈನ್ ವ್ಯಾಪಾರ ಮಾಡುವ ನಮ್ಮ ಯುವಕರಿಗೆ ನಾಲ್ಕು ಮಾತು ಹೇಳಿ ಎಂದು ಪೂಜ್ಯರು ಅಪ್ಪಣೆ ಕೊಡಿಸಿದರು. ನಾನು ವ್ಯಾಪಾರಸ್ಥನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಹಳ್ಳಿಗಳ ಕುಡಿಯುವ ನೀರಿನ ಕೆಲಸ ಮಾಡಿದ ಸರಕಾರಿ ಇಂಜಿನಿಯರ್. ನಿವೃತ್ತನಾದ ಮೇಲೆ ಮಗನ ಜೊತೆ ಸೇರಿ ಆನ್‌ಲೈನ್ ವ್ಯಾಪಾರಕ್ಕೆ ಇಳಿದು ಕೈ ಸುಟ್ಟುಕೊಂಡವನು. ಆದ್ದರಿಂದ ಗೆದ್ದವನ ಉಪದೇಶ ಇದಲ್ಲ. ಫೇಲಾದ ಬೋರಿನ ಲೆಕ್ಕ ಒಪ್ಪಿಸುವವನ ಮಾತು ಎಂದು ತಿಳಿದು ಕೇಳಬೇಕು.

ಬೋರಿನಿಂದಲೇ ಸುರು ಮಾಡುತ್ತೇನೆ. ಇಲ್ಲಿ ಕುಳಿತವರಲ್ಲಿ ಹೊಲದಲ್ಲಿ ಬೋರ್ ಕೊರೆಸಿದವರು ಬಹಳ ಮಂದಿ ಇದ್ದೀರಿ. ಲಾರಿ ಬಂದು ನಿಲ್ಲುತ್ತದೆ, ಇನ್ನೂರು ಅಡಿ ಹೋಗುತ್ತದೆ, ಬರೀ ಧೂಳು. ಮುನ್ನೂರು ಅಡಿ, ಮತ್ತೆ ಧೂಳು. ಆಗ ಮನೆಯ ಯಜಮಾನ ಹೇಳುವ ಮಾತು ಒಂದೇ: "ಇನ್ನೊಂದು ಐವತ್ತು ಅಡಿ ನೋಡೇಬಿಡೋಣ." ಐವತ್ತಾದ ಮೇಲೆ ಇನ್ನೊಂದು ಐವತ್ತು. ಆಳ ಹೋದಂತೆ ಅಡಿಯ ದರ ಏರುತ್ತದೆ. ಗಟ್ಟಿ ಬಂಡೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ, ಮತ್ತು ಆಳ ಹೋದಂತೆ ಸಾಮಾನ್ಯವಾಗಿ ಬಿರುಕುಗಳು ಕಡಿಮೆಯಾಗುತ್ತವೆ. ಅಂದರೆ ಖರ್ಚು ಏರುತ್ತಿರುತ್ತದೆ, ಭರವಸೆ ಇಳಿಯುತ್ತಿರುತ್ತದೆ. ಆದರೂ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ಯಜಮಾನನ ಕಣ್ಣು ಮುಂದಿನ ನೀರಿನ ಮೇಲೆ ಇರುವುದಿಲ್ಲ, ಆಗಲೇ ಹೋದ ರೊಕ್ಕದ ಮೇಲೆ ಇರುತ್ತದೆ.

ಇದರ ವಿರುದ್ಧದ ತಪ್ಪೂ ಇದೆ. ಕೊರೆಯುವಾಗ ಮೇಲೆ ಬರುವ ಪುಡಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಬಣ್ಣ ಬದಲಾಯಿತೇ, ಹಸಿ ತಗುಲಿತೇ? ಹಸಿ ಪುಡಿ ಬಂದ ಹೊತ್ತಿನಲ್ಲೇ "ಸಾಕು, ಬೇರೆ ಪಾಯಿಂಟ್ ನೋಡೋಣ" ಎಂದು ಲಾರಿ ಎಬ್ಬಿಸಿದವರನ್ನೂ ಕಂಡಿದ್ದೇನೆ. ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂಬುದನ್ನು ಹಟವೂ ಹೇಳುವುದಿಲ್ಲ, ಬೇಸರವೂ ಹೇಳುವುದಿಲ್ಲ. ಪುಡಿ ಹೇಳುತ್ತದೆ.

ಇಷ್ಟು ತಿಳಿದ ನಾನು ಏನು ಮಾಡಿದೆ, ಕೇಳಿ. 2021ರ ಶ್ರಾವಣದಲ್ಲಿ ನಾವು ಜೋಳದ ಖಡಕ್ ರೊಟ್ಟಿಯನ್ನು ಆನ್‌ಲೈನ್‌ನಲ್ಲಿ ಮಾರಲು ಸುರು ಮಾಡಿದೆವು. ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯ ಮಂದಿಗೆ ಮನೆಯ ರೊಟ್ಟಿ ಮುಟ್ಟಿಸಬೇಕು, ನಮ್ಮ ಓಣಿಯ ನಾಲ್ವರು ತಾಯಂದಿರಿಗೆ ಕೆಲಸ ಆಗಬೇಕು ಎಂಬುದು ಉದ್ದೇಶ. ಗ್ರಾಚುಟಿಯಲ್ಲಿ ಎಂಟು ಲಕ್ಷ ತೆಗೆದಿಟ್ಟೆ. ತಿಂಗಳಿಗೆ ಸುಮಾರು 200 ಪ್ಯಾಕೆಟ್ ಹೋಗುತ್ತಿದ್ದವು. ನೋಡಿದವರು "ವ್ಯಾಪಾರ ಭಾರಿ ನಡದದ" ಅನ್ನುತ್ತಿದ್ದರು.

ಒಂದು ಪ್ಯಾಕೆಟ್ಟಿನ ಲೆಕ್ಕ ಹೇಳುತ್ತೇನೆ. 20 ರೊಟ್ಟಿಗೆ ದರ 200 ರೂಪಾಯಿ. ಹಿಟ್ಟು, ಉರುವಲು, ಕೂಲಿ ಸೇರಿ 120. ಡಬ್ಬಿ, ಪ್ಯಾಕಿಂಗ್ 25. ಕೊರಿಯರ್ 80. ಹಣ ಪಾವತಿಯ ಶುಲ್ಕ 5. ಒಟ್ಟು 230. ಅಂದರೆ ಪ್ಯಾಕೆಟ್ ಮನೆ ಬಿಟ್ಟ ಕೂಡಲೇ 30 ರೂಪಾಯಿ ನಷ್ಟ. ಕೊರಿಯರ್ ಅಷ್ಟು ಯಾಕೆ? ರೊಟ್ಟಿಯ ತೂಕ ಮುಕ್ಕಾಲು ಕಿಲೋ ಸಹ ಇಲ್ಲ. ಆದರೆ ಅದು ಮುರಿಯಬಾರದೆಂದು ದೊಡ್ಡ ಡಬ್ಬಿ ಬೇಕು. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಾದರೆ, ಆ ಕಿಲೋಕ್ಕೇ ದರ. 25, 25, 12 ಸೆಂಟಿಮೀಟರ್ ಡಬ್ಬಿಗೆ ಒಂದೂವರೆ ಕಿಲೋ ಆಯಿತು. ನಾವು ಗಾಳಿಗೆ ಕೊರಿಯರ್ ದುಡ್ಡು ಕಟ್ಟುತ್ತಿದ್ದೆವು! ಅಷ್ಟಾದರೂ ನೂರಕ್ಕೆ 14 ಪ್ಯಾಕೆಟ್ ಮುರಿದೇ ಮುಟ್ಟುತ್ತಿದ್ದವು, ಅವರಿಗೆ ಹಣ ಮರಳಿಸುತ್ತಿದ್ದೆವು. ಇದರ ಮೇಲೆ ಹೊಸ ಗಿರಾಕಿ ಒಬ್ಬರನ್ನು ತರಲು ಜಾಹೀರಾತಿಗೆ ಸರಾಸರಿ 180 ರೂಪಾಯಿ. ಬಂದವರಲ್ಲಿ ಮತ್ತೆ ರೊಟ್ಟಿ ತರಿಸಿದವರು ನೂರಕ್ಕೆ ಹತ್ತು ಮಂದಿಯೂ ಇಲ್ಲ.

ಮೂರನೇ ತಿಂಗಳಿಗೇ ಮಗ ಅಂದ, "ಅಪ್ಪಾ, ಇದು ಆಗೂದಿಲ್ಲ, ಟೀ-ಶರ್ಟ್ ಮಾರೂಣು." ಐದನೇ ತಿಂಗಳಿಗೆ, "ಟೀ-ಶರ್ಟ್ ಬ್ಯಾಡ, ಇಳಕಲ್ ಸೀರಿ ಮಾರೂಣು." ನಾನು, "ಹಿಡಿದ ಕಾಯಕ ಬಿಡಬಾರದು" ಎಂದು ಗದರಿಸುತ್ತಿದ್ದೆ. ಈಗ ನೋಡಿದರೆ ಇಬ್ಬರೂ ತಪ್ಪು. ಅವನು ಪುಡಿ ನೋಡದೆ ಲಾರಿ ಎಬ್ಬಿಸಲು ಹೊರಟಿದ್ದ. ನಾನು ಪುಡಿ ನೋಡದೆ ಕೊರೆಯುತ್ತಿದ್ದೆ. ಅದರಲ್ಲೂ ನನ್ನ ತಪ್ಪು ದೊಡ್ಡದು, ಏಕೆಂದರೆ ನಾನು ನನ್ನ ಹಟಕ್ಕೆ ಕಾಯಕದ ಹೆಸರಿಟ್ಟಿದ್ದೆ. ಕಾಯಕನಿಷ್ಠೆ ಎಂದರೆ ಮಾಡುವ ಕೆಲಸದಲ್ಲಿ ಸತ್ಯ ಇರಬೇಕು. ಲೆಕ್ಕ ನೋಡದಿರುವುದು ನಿಷ್ಠೆ ಆಗುವುದಿಲ್ಲ.

ಇನ್ನೊಂದು ತಪ್ಪು ಇಬ್ಬರದೂ. ಮಾರಾಟ ಕುಗ್ಗಿದ ತಿಂಗಳು ದರ, ಫೋಟೋ, ಡಬ್ಬಿ, ಜಾಹೀರಾತು ಎಲ್ಲವನ್ನೂ ಒಮ್ಮೆಗೇ ಬದಲಿಸುತ್ತಿದ್ದೆವು. ಮುಂದಿನ ತಿಂಗಳು ಸ್ವಲ್ಪ ಏರಿದರೆ ಯಾವುದರಿಂದ ಏರಿತು ಎಂದು ತಿಳಿಯುತ್ತಿರಲಿಲ್ಲ. ಪೈಪ್‌ಲೈನಿನಲ್ಲಿ ಸೋರಿಕೆ ಹುಡುಕುವವನು ಒಂದೊಂದೇ ವಾಲ್ವ್ ಮುಚ್ಚಿ ನೋಡುತ್ತಾನೆ. ಎಲ್ಲ ವಾಲ್ವ್ ಒಮ್ಮೆಗೇ ತಿರುವಿದರೆ ಏನು ತಿಳಿದೀತು?

ಹದಿನಾಲ್ಕು ತಿಂಗಳಾದವು. ಜಾಹೀರಾತು, ವೆಬ್‌ಸೈಟ್, ಕೋಣೆಯ ಬಾಡಿಗೆ, ಮುರಿದ ರೊಟ್ಟಿ ಎಲ್ಲ ಸೇರಿ ಹೋದದ್ದು 7,92,400 ರೂಪಾಯಿ. ಒಂದು ರಾತ್ರಿ ನನ್ನ ಮನೆಯವರು ದೂರುಗಳ ನೋಟಬುಕ್ ತೆಗೆದುಕೊಂಡು ಕುಳಿತರು. ನಾನು ಸರಕಾರಿ ಚಾಳಿಯಂತೆ ಪ್ರತಿ ದೂರನ್ನೂ ತಾರೀಖು ಹಾಕಿ ಬರೆದಿಟ್ಟಿದ್ದೆ, ಆದರೆ ಒಮ್ಮೆಯೂ ಒಟ್ಟಾಗಿ ಓದಿರಲಿಲ್ಲ. ಅವರು ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದರು. ಆಮೇಲೆ ಅಂದರು, "ಇದರಾಗ ಅರವತ್ಮೂರು ಮಂದಿ ರೊಟ್ಟಿ ಮುರದದ ಅಂತ ಬರದು, ಕೆಳಗ ಚಟ್ನಿ ಬ್ಯಾರೆ ಕೊಡ್ತೀರೇನು ಅಂತ ಕೇಳ್ಯಾರ. ನೀವು ನೋಡಿಲ್ಲೇನು?"

ಡಬ್ಬಿಯ ಮೂಲೆಯ ಸಂದಿಯಲ್ಲಿ ನಾವು ಶೇಂಗಾ ಚಟ್ನಿಯ ಸಣ್ಣ ಪೊಟ್ಟಣ ಪುಕ್ಕಟೆ ಇಡುತ್ತಿದ್ದೆವು. ಹದಿನಾಲ್ಕು ತಿಂಗಳಿಂದ ಹಸಿ ಪುಡಿ ಮೇಲೆ ಬರುತ್ತಲೇ ಇತ್ತು. ನಾನು ಅದನ್ನು ದೂರು ಎಂದು ಬರೆದು ಮುಚ್ಚಿಟ್ಟಿದ್ದೆ.

ಅವರು ಇನ್ನೊಂದು ಮಾತು ಕೇಳಿದರು, ಅದು ಇಂದಿಗೂ ಮರೆತಿಲ್ಲ. "ಬ್ಯಾರೆಯವರ ಬೋರಿಗೆ ಇಷ್ಟ ಅಡಿ ಸಾಕು ಅಂತ ಮದಲ ಬರದು ಸಹಿ ಮಾಡ್ತಿದ್ರಿ. ನಿಮ್ಮ ಬೋರಿಗೆ ಯಾರು ಸಹಿ ಮಾಡಬೇಕಿತ್ತು?"

ಬಂಧುಗಳೇ, ನಮ್ಮದು ಸಣ್ಣ ಮನೆಯ ಕಥೆ. ಆದರೆ ದೊಡ್ಡವರಿಗೂ ಈ ಪ್ರಶ್ನೆ ಬಿಟ್ಟಿಲ್ಲ. 1999ರಲ್ಲಿ ಬೆಂಗಳೂರಿನಲ್ಲಿ ಕೆಲವು ಗೆಳೆಯರು ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ ತೆರೆದರು. ಆಗ ಮನೆಗಳಲ್ಲಿ ಇಂಟರ್ನೆಟ್ ಇದ್ದದ್ದೇ ಅಪರೂಪ, ಕ್ರೆಡಿಟ್ ಕಾರ್ಡ್ ಇನ್ನೂ ಅಪರೂಪ. ಗಿರಾಕಿ ಸಾಲದೆ ಹೋದಾಗ ಅವರು ಫ್ಯಾಬ್‌ಮಾಲ್ ಎಂಬ ನಿಜವಾದ ಕಿರಾಣಿ ಅಂಗಡಿಗಳನ್ನೂ ತೆರೆದರು. ಮುಂದೆ ಆ ಅಂಗಡಿಗಳು ಆದಿತ್ಯ ಬಿರ್ಲಾ ಸಮೂಹದ ಪಾಲಾದವು. ಆನ್‌ಲೈನ್ ಭಾಗ ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ಮುಂದುವರಿದು 2013ರಲ್ಲಿ ಮುಚ್ಚಿತು. ಅದನ್ನು ನಡೆಸಿದ ಕೆ. ವೈತೀಶ್ವರನ್ ಅವರು ಆ ಸೋಲನ್ನು ಮುಚ್ಚಿಡದೆ ಪುಸ್ತಕವನ್ನೇ ಬರೆದರು. ಅಂಗಡಿಯ ಕಡೆ ಹೋಗಿದ್ದ ಹರಿ ಮೆನನ್ ಮತ್ತು ಇತರ ಗೆಳೆಯರು 2011ರಲ್ಲಿ ಬಿಗ್‌ಬಾಸ್ಕೆಟ್ ಎಂದು ಮತ್ತೆ ಆನ್‌ಲೈನ್ ಕಿರಾಣಿಗೇ ಬಂದರು. 2021ರಲ್ಲಿ ಟಾಟಾ ಸಮೂಹ ಅದರ ಬಹುಪಾಲು ಕೊಂಡುಕೊಂಡಿತು. ಹಿಡಿದುಕೊಂಡವರೂ ಪ್ರಾಮಾಣಿಕರು, ಬಿಟ್ಟುಹೋದವರೂ ಪ್ರಾಮಾಣಿಕರು. ಇದರಲ್ಲಿ ನನಗೆ ಕಂಡದ್ದು ಇಷ್ಟು: ದಾರಿ ಬಿಟ್ಟವರು ಊರನ್ನೇ ಬಿಟ್ಟಂತಲ್ಲ. ಸುತ್ತು ಹಾಕಿ ಅದೇ ಊರಿಗೆ ಬಂದವರಿದ್ದಾರೆ.

ರೆಡ್‌ಬಸ್ ನೋಡಿ. 2006ರಲ್ಲಿ ಬೆಂಗಳೂರಿನಲ್ಲಿ ಫಣೀಂದ್ರ ಸಾಮ ಮತ್ತು ಗೆಳೆಯರು ಸುರು ಮಾಡಿದ್ದು. ಬಸ್ ಮಾಲೀಕರಿಗೆ ಸಾಫ್ಟ್‌ವೇರ್ ಕೊಡುವುದು ಮೊದಲ ವಿಚಾರ. ಮಾಲೀಕರು ಆಸಕ್ತಿ ತೋರಿಸಲಿಲ್ಲ. ಆಗ ಅವರು, ಮಾಲೀಕರ ಸೀಟುಗಳನ್ನು ತಾವೇ ಆನ್‌ಲೈನ್‌ನಲ್ಲಿ ಮಾರಿಕೊಡಲು ಹೊರಟರು. ಖಾಲಿ ಸೀಟು ಪ್ರಯಾಣಿಕನಿಗೆ ಸಿಗಬೇಕು ಎಂಬ ಉದ್ದೇಶ ಹಾಗೇ ಉಳಿಯಿತು, ದಾರಿ ಬದಲಾಯಿತು. ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಹೆಸರಿನಲ್ಲಿ ಹಾಡುಗಳ ಮಾರಾಟ ತೆರೆದು, ಮುಂದಿನ ವರ್ಷವೇ ಮುಚ್ಚಿತು. ಅಂಗಡಿ ಮುಚ್ಚಲಿಲ್ಲ, ಒಂದು ಕಪಾಟು ಮುಚ್ಚಿತು.

ಮತ್ತೆ ನಮ್ಮ ಮನೆಗೆ ಬರೋಣ. ಈ ಸಲ ಕೊರೆಯುವ ಮುಂಚೆಯೇ ಅಡಿ ಬರೆದೆವು. ಅಳತೆ ಪುಸ್ತಕದ ಹಾಗೆ ಒಂದು ಪುಸ್ತಕದಲ್ಲಿ ಹೀಗೆ ಬರೆದು ಮೂವರೂ ಸಹಿ ಮಾಡಿದೆವು: ಶೇಂಗಾ, ಗುರೆಳ್ಳು, ಅಗಸಿ ಮೂರೇ ಚಟ್ನಿ, ಮಗನ ಉಳಿತಾಯದಿಂದ 60,000 ರೂಪಾಯಿ, ಮೊದಲು ಕೊಂಡ 200 ಮಂದಿಯಲ್ಲಿ 90 ದಿನದೊಳಗೆ 50 ಮಂದಿಯಾದರೂ ತಾವಾಗಿ ಮರಳಿ ಬರದಿದ್ದರೆ ಬಾಗಿಲು ಮುಚ್ಚುವುದು. ಚಟ್ನಿಪುಡಿ ಮುರಿಯುವುದಿಲ್ಲ, ಜಾಗ ತಿನ್ನುವುದಿಲ್ಲ. ಅರ್ಧ ಕಿಲೋದ ಎರಡು ಪೊಟ್ಟಣ ಕೂಡಿ 440 ರೂಪಾಯಿ. ಎಲ್ಲ ಖರ್ಚು ಕಳೆದು 125 ಉಳಿಯುತ್ತದೆ. ಜಾಹೀರಾತಿನ 180 ಎರಡನೇ ಸಲ ಕೊಂಡಾಗ ತೀರುತ್ತದೆ. ಮರಳಿ ಬಂದವರು 71 ಮಂದಿ. ಮುಂದುವರಿಸಿದೆವು. ಇವತ್ತು ತಿಂಗಳಿಗೆ ಹದಿನೆಂಟು ಇಪ್ಪತ್ತು ಸಾವಿರ ಉಳಿಯುತ್ತದೆ. ಹೋದ ಎಂಟು ಲಕ್ಷ ಇನ್ನೂ ಪೂರ್ತಿ ಬಂದಿಲ್ಲ.

ಇಲ್ಲಿಗೆ ಮಾತು ಮುಗಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಆ ನಾಲ್ವರು ತಾಯಂದಿರ ಲೆಕ್ಕ ಉಳಿದಿದೆ. ಇಬ್ಬರು ಚಟ್ನಿ ಕುಟ್ಟುವ ಕೆಲಸಕ್ಕೆ ಬಂದರು. ಒಬ್ಬರು ಊರಿನ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಾರೆ, ಅದನ್ನು ನಮ್ಮ ಹುಡುಗನೇ ಮುಟ್ಟಿಸುತ್ತಾನೆ. ನಾಲ್ಕನೆಯವರು ಎಲ್ಲರಿಗಿಂತ ಹಿರಿಯರು, ಕುಟ್ಟುವ ಶಕ್ತಿ ಇಲ್ಲ. ರೊಟ್ಟಿ ಕಳಿಸುವುದನ್ನು ನಿಲ್ಲಿಸುವ ಒಂದು ವಾರ ಮೊದಲು ಅವರಿಗೆ ತಿಳಿಸಿದೆ. ಅವರು ಹಂಚು ಒರೆಸಿಟ್ಟು ಹೇಳಿದರು, "ಸಾಹೇಬ್ರ, ಬಿಡ್ರಿ ಅಂದಿದ್ಕ ಬ್ಯಾಸರಿಲ್ಲ. ಒಂದ್ ತಿಂಗಳ ಮದಲ ಹೇಳಿದ್ರ ಬ್ಯಾರೆ ಮನಿ ಕೆಲಸ ಹಿಡೀತಿದ್ದೆ."

ಹದಿನಾಲ್ಕು ತಿಂಗಳು ನಷ್ಟವನ್ನು ನನಗೆ ನಾನೇ ಮುಚ್ಚಿಟ್ಟಿದ್ದೆ. ಅದರ ಬೆಲೆಯ ಒಂದು ಪಾಲು ಕೊಟ್ಟವರು ಅವರು. ನನಗೆ ಪಿಂಚಣಿ ಇತ್ತು, ಅವರಿಗೆ ಇರಲಿಲ್ಲ. ಆ ದಿನದಿಂದ ಪ್ರತಿ ತಿಂಗಳ ಮೊದಲ ಸೋಮವಾರ ಕೆಲಸದ ತಾಯಂದಿರನ್ನೂ ಕೂಡಿಸಿ ಲೆಕ್ಕ ಓದುತ್ತೇವೆ. ಎಷ್ಟು ಬಂತು, ಎಷ್ಟು ಹೋಯಿತು, ಮುಂದಿನ ತಿಂಗಳು ಏನು ಅನುಮಾನ, ಎಲ್ಲವನ್ನೂ. ಆ ಹಿರಿಯರ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಚಹಾ ಕೊಟ್ಟರು. ಕೆಲಸಕ್ಕೆ ಮರಳಿ ಬರಲಿಲ್ಲ.

ಯುವಕರೇ, ನನ್ನಿಂದ ಇಷ್ಟು ತೆಗೆದುಕೊಳ್ಳಿ. ಒಂದು ಪ್ಯಾಕೆಟ್ಟಿನ ಲೆಕ್ಕವೇ ನಷ್ಟದಲ್ಲಿದ್ದರೆ ಸಾವಿರ ಪ್ಯಾಕೆಟ್ ಮಾರಿದರೆ ಸಾವಿರ ಪಟ್ಟು ನಷ್ಟ. ಅಲ್ಲಿ ಹಟ ಬೇಡ, ಲೆಕ್ಕ ತಿದ್ದಿ. ಒಂದೊಂದೇ ವಾಲ್ವ್ ತಿರುವಿ ನೋಡಿ. ತಿದ್ದಿದಂತೆ ಪ್ರತಿ ತಿಂಗಳೂ ಮರಳಿ ಬರುವವರು ಹೆಚ್ಚುತ್ತಿದ್ದರೆ ಅದು ಹಸಿ ಪುಡಿ. ಆಗ ನಷ್ಟವಿದ್ದರೂ, ಬರೆದಿಟ್ಟ ಅಡಿಯ ತನಕ ಧೈರ್ಯವಾಗಿ ಕೊರೆಯಿರಿ. ಎಷ್ಟು ತಿದ್ದಿದರೂ ಬರೀ ಧೂಳೇ ಬಂದರೆ ಲಾರಿ ಎಬ್ಬಿಸಿ. ಎಬ್ಬಿಸುವ ಮೊದಲು, ನಿಮ್ಮನ್ನು ನಂಬಿ ಕೆಲಸ ಮಾಡಿದವರಿಗೆ ವೇಳೆ ಇದ್ದಾಗಲೇ ತಿಳಿಸಿ. ಮತ್ತು ಎಷ್ಟು ಅಡಿ ಎಂಬುದನ್ನು ಲಾರಿ ಬರುವ ಮುಂಚೆಯೇ, ಮನಸ್ಸು ತಣ್ಣಗಿದ್ದಾಗ ಬರೆದು, ಮನೆಯವರ ಕೈಯಲ್ಲಿ ಸಹಿ ಹಾಕಿಸಿ. ಕೊರೆಯುವ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.